ತಳಪಾಯ ಒಮ್ಮೆ ಕುಸಿದ ಮನೆಗೆ ಯಾವ ವಿಮೆ ಮಾಡಿಸಬೇಕು?

ಮಳೆಗಾಲ ಹಿಂದೆ ಸರಿದು ಗೋಡೆಗಳು ಒಣಗತೊಡಗಿದಾಗ ಬಿರುಕುಗಳು ಕಣ್ಣಿಗೆ ಬೀಳುತ್ತವೆ. ಅದರ ಬೆನ್ನಿಗೇ ವಿಮೆಯ ಪ್ರಶ್ನೆಗಳೂ ಬರುತ್ತವೆ. ಮಂಡ್ಯದ ಹೊಸ ಬಡಾವಣೆಯಲ್ಲಿ ಮನೆ ಕಟ್ಟಿಸಿದ ಮೇಷ್ಟ್ರೊಬ್ಬರಿಗೆ ಅಡುಗೆಮನೆಯ ಕಡೆಯ ಗೋಡೆ ಇಳಿದು ರಿಪೇರಿಯಾಗಿದೆ. ಮೈಸೂರಿನಲ್ಲಿ ಹಳೆಯ ಮನೆ ಕೊಳ್ಳಲು ಹೊರಟ ದಂಪತಿಗೆ, ‘ಹಿಂದೊಮ್ಮೆ ಅಡಿಪಾಯ ಸ್ವಲ್ಪ ಕೂತಿತ್ತು, ಈಗ ಏನೂ ತೊಂದರೆಯಿಲ್ಲ’ ಎಂದು ಮಾರುವವರು ಹೇಳಿದ್ದಾರೆ. ನಂಜನಗೂಡಿನ ಕಡೆ ಎರೆಮಣ್ಣಿನ ಮೇಲೆ ಮನೆ ಇರುವವರಿಗೆ ಬೇಸಿಗೆ ಬಂದರೆ ಬಾಗಿಲು ಹಾಕಲು ಬರುವುದಿಲ್ಲ. ಎಲ್ಲರ ಪ್ರಶ್ನೆಯೂ ಒಂದೇ: ಇಂಥ ಮನೆಗೆ ವಿಮೆ ಸಿಗುತ್ತದೆಯೇ, ಸಿಕ್ಕರೆ ಯಾವುದು ಒಳ್ಳೆಯದು?

ವಿಮೆ ಸಿಗುತ್ತದೆ. ಆದರೆ ಯಾವ ಕಂಪನಿ ಎಂಬುದನ್ನು ಕೊನೆಗೆ ಕೇಳಬೇಕು. ನಿಮ್ಮ ಮನೆ ಏಕೆ ಕುಸಿಯಿತು ಎಂಬುದು ಗೊತ್ತಿಲ್ಲದೆ ಕೊಂಡ ಪಾಲಿಸಿಯಿಂದ, ನೆಲ ಮತ್ತೆ ಕುಸಿದ ದಿನ ಹಣ ಬಂದೀತೆಂದು ನಂಬಿ ಕೂರುವ ಹಾಗಿಲ್ಲ.

ಯಾವುದನ್ನು ಅಳೆದು ನೋಡಬೇಕು

ನಾನು ಇಂಥ ಮನೆಗಳ ವಿಮೆಯನ್ನು ನಾಲ್ಕು ಪ್ರಶ್ನೆಗಳಿಂದ ಅಳೆಯುತ್ತೇನೆ. ಕುಸಿತದ ಕಾರಣ ಪಾಲಿಸಿಯ ಒಳಗೆ ಬರುತ್ತದೆಯೇ, ಹೊರಗೆ ಉಳಿಯುತ್ತದೆಯೇ? ಹಳೆಯ ಹಾನಿಯನ್ನೂ ಮುಂದೆ ಆಗಬಹುದಾದ ಹಾನಿಯನ್ನೂ ಬೇರೆ ಮಾಡಿ ತೋರಿಸುವ ದಾಖಲೆ ನಿಮ್ಮಲ್ಲಿದೆಯೇ? ಬರುವ ಹಣದಲ್ಲಿ ಮನೆಯನ್ನು ನಿಜಕ್ಕೂ ಮತ್ತೆ ಕಟ್ಟಲು ಆಗುತ್ತದೆಯೇ? ಮುಂದಿನ ವರ್ಷವೂ ಅದೇ ಕಂಪನಿ ಅದೇ ಷರತ್ತಿನಲ್ಲಿ ವಿಮೆ ಕೊಡುತ್ತದೆಯೇ? ಪ್ರೀಮಿಯಂ ಎಷ್ಟು ಎಂಬುದನ್ನು ನಾನು ಬೇಕೆಂದೇ ಇವುಗಳ ನಂತರಕ್ಕೆ ಬಿಟ್ಟಿದ್ದೇನೆ. ಸಾಧಾರಣ ಮನೆಯ ಒಂದು ವರ್ಷದ ಪ್ರೀಮಿಯಂ ಜಿಎಸ್‌ಟಿ ಸೇರಿಸಿದರೂ ಸಾಮಾನ್ಯವಾಗಿ ಕೆಲವು ಸಾವಿರ ರೂಪಾಯಿಗಳಲ್ಲಿ ಮುಗಿಯುತ್ತದೆ. ಕಂಪನಿಯಿಂದ ಕಂಪನಿಗೆ ಕಾಣುವ ವ್ಯತ್ಯಾಸ ನಿಮ್ಮ ನಿರ್ಧಾರವನ್ನು ಬದಲಿಸುವಷ್ಟು ದೊಡ್ಡದಲ್ಲ.

ಮೊದಲನೆಯ ಪ್ರಶ್ನೆಯೇ ಎಲ್ಲಕ್ಕಿಂತ ಭಾರವಾದದ್ದು. 2021ರ ಏಪ್ರಿಲ್ 1ರಿಂದ ದೇಶದಲ್ಲಿ ಮನೆಯ ಬೆಂಕಿ ವಿಮೆ ಮಾರುವ ಎಲ್ಲ ಸಾಮಾನ್ಯ ವಿಮಾ ಕಂಪನಿಗಳೂ ‘ಭಾರತ್ ಗೃಹ ರಕ್ಷಾ’ ಎಂಬ ಒಂದೇ ಮಾದರಿಯ ಪಾಲಿಸಿಯನ್ನು ಕೊಡಲೇಬೇಕು. ನ್ಯೂ ಇಂಡಿಯಾದವರಾಗಲಿ, ಓರಿಯೆಂಟಲ್‌ನವರಾಗಲಿ, ಖಾಸಗಿಯವರಾಗಲಿ, ಅದರ ಮೂಲ ವಾಕ್ಯಗಳು ಒಂದೇ. ಬೆಂಕಿ, ಸಿಡಿಲು, ಭೂಕಂಪ, ಬಿರುಗಾಳಿ, ಪ್ರವಾಹ, ನೀರಿನ ಟ್ಯಾಂಕ್ ಅಥವಾ ಪೈಪ್ ಒಡೆಯುವುದು ಮೊದಲಾದವುಗಳ ಜೊತೆಗೆ ಮನೆ ನಿಂತಿರುವ ನೆಲ ಕುಸಿಯುವುದು, ಗುಡ್ಡ ಜಾರುವುದು, ಬಂಡೆ ಉರುಳುವುದು ಕೂಡ ಅದರಲ್ಲಿ ಸೇರಿವೆ. ಏಜೆಂಟರು ಇಲ್ಲಿಯವರೆಗೆ ಓದಿ ಹೇಳುತ್ತಾರೆ.

ಪಾಲಿಸಿ ಪತ್ರದಲ್ಲಿ ಅದರ ಪಕ್ಕದ ಕಾಲಂ ಓದಿ. ನೆಲ ಕುಸಿತಕ್ಕೆ ಐದು ಹೊರತುಗಳಿವೆ, ಅಂದರೆ ಹಣ ಸಿಗದ ಕಾರಣಗಳು. ಹೊಸ ಕಟ್ಟಡ ತನ್ನ ಭಾರಕ್ಕೆ ಸಹಜವಾಗಿ ಕೂರುವುದು ಮತ್ತು ಅದರಿಂದ ಬರುವ ಬಿರುಕು. ಮಣ್ಣು ತುಂಬಿಸಿ ಮಾಡಿದ ನೆಲ ಕೂರುವುದು ಅಥವಾ ಸರಿಯುವುದು. ಕಡಲು ಅಥವಾ ನದಿಯ ಕೊರೆತ. ವಿನ್ಯಾಸದ ದೋಷ, ಕಳಪೆ ಕೆಲಸ, ಕಳಪೆ ಸಾಮಗ್ರಿ. ಯಾವುದೇ ಆಸ್ತಿಯನ್ನು ಕೆಡವುವುದು, ಕಟ್ಟುವುದು, ಮಾರ್ಪಡಿಸುವುದು, ರಿಪೇರಿ ಮಾಡುವುದು, ನೆಲ ಅಗೆಯುವುದು. ಈ ಐದನ್ನು ತೆಗೆದ ಮೇಲೆ ಉಳಿಯುವ ಕುಸಿತಕ್ಕೆ ಮಾತ್ರ ಹಣ.

ನಿಮ್ಮ ಮನೆ ಯಾವ ಸಾಲಿಗೆ ಸೇರುತ್ತದೆ

ಮಂಡ್ಯದ ಸುತ್ತ ವಿಶ್ವೇಶ್ವರಯ್ಯ ನಾಲೆಯ ನೀರು ಹರಿದ ಗದ್ದೆಬಯಲುಗಳು ಈಗ ಬಡಾವಣೆಗಳಾಗುತ್ತಿವೆ. ಗದ್ದೆಯ ಮೇಲೆ ಟಿಪ್ಪರ್‌ಗಟ್ಟಲೆ ಮಣ್ಣು ಸುರಿದು, ಮೇಲ್ಮೇಲೆ ರೋಲರ್ ಆಡಿಸಿ, ರಸ್ತೆಯ ಮಟ್ಟಕ್ಕೆ ತಂದು ನಿವೇಶನ ಮಾರಿರುತ್ತಾರೆ. ಅಡಿಪಾಯ ಆ ತುಂಬುಮಣ್ಣನ್ನು ದಾಟಿ ಗಟ್ಟಿ ನೆಲ ಮುಟ್ಟಿಲ್ಲದಿದ್ದರೆ ಮನೆ ಕೂರುವುದು ಅನಿವಾರ್ಯ. ಮೈಸೂರಿನಲ್ಲೂ ಕೆರೆಯಂಗಳ, ರಾಜಕಾಲುವೆ, ಹಳೆಯ ಹಳ್ಳಗಳನ್ನು ಮುಚ್ಚಿ ಕಟ್ಟಿದ ಜಾಗಗಳು ಬೇಕಾದಷ್ಟಿವೆ. ದೊಡ್ಡಕೆರೆ ಮೈದಾನ ಎಂಬ ಹೆಸರೇ ಅಲ್ಲಿ ಏನಿತ್ತು ಎಂಬುದನ್ನು ಹೇಳುತ್ತದೆ. ಇಂಥ ನೆಲ ಕೂತರೆ ಕಂಪನಿ ಎರಡನೆಯ ಹೊರತನ್ನು ತೋರಿಸುತ್ತದೆ. ಅದು ಮೋಸವಲ್ಲ, ಪಾಲಿಸಿಯಲ್ಲಿ ಬರೆದಿರುವುದೇ ಹಾಗೆ. ಹಳೆಯ ಗ್ರಾಮ ನಕ್ಷೆಯಲ್ಲಿ ನಿಮ್ಮ ಸರ್ವೆ ನಂಬರಿನ ಜಾಗದಲ್ಲಿ ಏನಿದೆ ಎಂದು ಒಮ್ಮೆ ನೋಡಿ. ಕೆರೆ, ಹಳ್ಳ, ತರಿ ಜಮೀನು ಕಂಡರೆ, ಕುಸಿತದ ಮಟ್ಟಿಗೆ ವಿಮೆಯನ್ನು ನೆಚ್ಚಬೇಡಿ.

ಎರೆಮಣ್ಣಿನ ಕಥೆ ಬೇರೆ. ನಂಜನಗೂಡು, ತಿ. ನರಸೀಪುರ ತಾಲ್ಲೂಕುಗಳ ಕೆಲವು ಭಾಗಗಳಲ್ಲಿರುವ ಈ ಕಪ್ಪು ಮಣ್ಣು ನೀರು ಕುಡಿದು ಉಬ್ಬುತ್ತದೆ, ಒಣಗಿದಾಗ ಕುಗ್ಗಿ ಬಾಯಿ ಬಿಡುತ್ತದೆ. ಅದು ತುಂಬಿಸಿದ ನೆಲವಲ್ಲ, ಅಲ್ಲಿಯದೇ ಮಣ್ಣು. ಹಾಗಾಗಿ ಎರಡನೆಯ ಹೊರತು ಅನ್ವಯಿಸುವುದಿಲ್ಲ. ಆದರೆ ಎರೆಮಣ್ಣಿಗೆ ತಕ್ಕ ಅಡಿಪಾಯ ಹಾಕಿಲ್ಲ, ಇದು ವಿನ್ಯಾಸದ ದೋಷ ಎಂದು ನಾಲ್ಕನೆಯದನ್ನು ಎತ್ತಬಹುದು. ಅಂಡರ್‌ರೀಮ್ಡ್ ಪೈಲ್ (ಆಳಕ್ಕೆ ಇಳಿಸಿದ, ಬುಡ ಅಗಲವಾದ ಕಾಂಕ್ರೀಟ್ ಕಂಬ) ಹಾಕಿ ಕಟ್ಟಿದವರಿಗೆ, ಅದರ ನಕ್ಷೆ ಇಟ್ಟುಕೊಂಡವರಿಗೆ ಇಲ್ಲಿ ಬಲವಾದ ಆಧಾರವಿದೆ. ನಾನು ಕಂಡಂತೆ ನಕ್ಷೆಯನ್ನು ಜೋಪಾನ ಮಾಡುವವರು ಕಡಿಮೆ. ಗೃಹಪ್ರವೇಶದ ಆಲ್ಬಂ ಬೀರುವಿನಲ್ಲಿರುತ್ತದೆ, ಅಡಿಪಾಯದ ನಕ್ಷೆ ಮೇಸ್ತ್ರಿಯ ಬಳಿಯೇ ಉಳಿದಿರುತ್ತದೆ.

ಪಕ್ಕದ ನಿವೇಶನದವರು ನೆಲಮಾಳಿಗೆಗೆ ಅಗೆದದ್ದರಿಂದ ನಿಮ್ಮ ಗೋಡೆ ಇಳಿದಿದ್ದರೆ ಐದನೆಯ ಹೊರತು ಬರುತ್ತದೆ. ಅಲ್ಲಿರುವುದು ‘ಯಾವುದೇ ಆಸ್ತಿ’ ಎಂಬ ಮಾತು. ಅಗೆದವರು ನೀವಲ್ಲದಿದ್ದರೂ ವಿಮೆ ಕೈಕೊಡಬಹುದು. ಆಗ ನಿಮ್ಮ ದಾರಿ ನೆರೆಯವರ ಮೇಲೆ ಸಿವಿಲ್ ದಾವೆ. ಪಕ್ಕದ ನೆಲದ ಆಸರೆ ಪಡೆಯುವ ಹಕ್ಕನ್ನು 1882ರ ಈಸ್‌ಮೆಂಟ್ ಕಾಯ್ದೆ ಒಪ್ಪುತ್ತದೆ. ನೆರೆಯಲ್ಲಿ ಜೆಸಿಬಿ ಬಂದು ನಿಂತ ದಿನವೇ ನಿಮ್ಮ ಗೋಡೆಗಳ ಫೋಟೊ ತೆಗೆದಿಡಿ, ಅಗೆತಕ್ಕೆ ತಡೆಗೋಡೆ ಕೊಡುತ್ತಾರೆಯೇ ಎಂದು ಬರವಣಿಗೆಯಲ್ಲಿ ಕೇಳಿ, ಅದರ ಪ್ರತಿಯನ್ನು ಪಾಲಿಕೆಗೂ ಕೊಡಿ.

ಶ್ರೀರಂಗಪಟ್ಟಣದಲ್ಲೋ ನಂಜನಗೂಡಿನಲ್ಲೋ ಹೊಳೆಯ ಅಂಚಿಗೆ ಮನೆಯಿದ್ದರೆ, ಮನೆಗೆ ನೆರೆ ನೀರು ನುಗ್ಗಿ ಆದ ಹಾನಿ ಪ್ರವಾಹದ ಅಡಿ ಬರುತ್ತದೆ. ದಡ ಕೊರೆದು ನೆಲ ಕುಸಿದರೆ ಬರುವುದಿಲ್ಲ. ಇನ್ನು ಹಳೆಯ ಮನೆಗಳ ಸವಕಳಿ: ಮೈಸೂರಿನ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ 2012ರಲ್ಲಿ, ದೇವರಾಜ ಮಾರುಕಟ್ಟೆಯ ಒಂದು ಭಾಗ 2016ರಲ್ಲಿ ಕುಸಿದದ್ದು ಎಲ್ಲರಿಗೂ ನೆನಪಿದೆ. ವಯಸ್ಸಾಗಿ ಗಾರೆ ಉದುರಿ, ತೊಲೆ ಕೊಳೆತು ಬಿದ್ದ ಕಟ್ಟಡಕ್ಕೆ ಗೃಹ ವಿಮೆ ಹಣ ಕೊಡುವುದಿಲ್ಲ. ಮಣ್ಣಿನ ಗಾರೆಯಲ್ಲಿ ಕಟ್ಟಿದ ತೊಟ್ಟಿಮನೆ ಇರುವವರು ಇದನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು.

ಹಾಗಾದರೆ ಹಣ ಬರುವುದು ಯಾವುದಕ್ಕೆ? ಗಟ್ಟಿ ನೆಲದ ಮೇಲೆ ಸರಿಯಾಗಿ ಕಟ್ಟಿದ ಮನೆಯ ಕೆಳಗೆ ಭಾರಿ ಮಳೆಯಿಂದಲೋ ನೆಲದಡಿಯ ಟೊಳ್ಳಿನಿಂದಲೋ ಒಮ್ಮೆಲೇ ಕುಸಿತವಾದಾಗ. ಚಾಮುಂಡಿ ಬೆಟ್ಟದ ನಂದಿ ರಸ್ತೆ 2021ರ ಮಳೆಯಲ್ಲಿ ಜರಿದಂತೆ ಇಳಿಜಾರಿನ ಮನೆಯ ಕೆಳಗಿನ ನೆಲ ಜರಿದಾಗ. ಹಿಂದೆ ಕುಸಿದು, ಕಾರಣ ಪತ್ತೆಯಾಗಿ, ಸರಿಪಡಿಸಿ, ವರ್ಷಗಟ್ಟಲೆ ಅಲುಗದೆ ನಿಂತ ಮನೆ ಹೊಸ ಕಾರಣಕ್ಕೆ ಕುಸಿದಾಗಲೂ ಹಕ್ಕು ಕೇಳಬಹುದು. ಆದರೆ ಅದು ಹೊಸ ಕಾರಣ ಎಂಬುದಕ್ಕೆ ಸಾಕ್ಷಿ ಬೇಕು.

ಸಾಕ್ಷಿ ಮಾಡಿಟ್ಟುಕೊಳ್ಳುವುದು

ಪ್ರತಿ ಬಿರುಕಿನ ಎರಡು ತುದಿಗೂ ಸಣ್ಣ ಗೆರೆ ಎಳೆದು ಪಕ್ಕದಲ್ಲಿ ದಿನಾಂಕ ಬರೆಯಿರಿ. ಬಿರುಕಿನ ಮೇಲೆ ಅಡ್ಡಲಾಗಿ ತೆಳುವಾದ ಗಾಜಿನ ಪಟ್ಟಿಯೊಂದನ್ನು ಇಟ್ಟು, ಎರಡು ತುದಿಗಳನ್ನು ಗಟ್ಟಿ ಅಂಟಿನಿಂದ ಗೋಡೆಗೆ ಕೂರಿಸಬೇಕು. ಗೋಡೆ ಕೂದಲೆಳೆಯಷ್ಟು ಸರಿದರೂ ಗಾಜು ಒಡೆಯುತ್ತದೆ. ಒಂದು ಮಳೆಗಾಲ, ಒಂದು ಬೇಸಿಗೆ ದಾಟಿಯೂ ಗಾಜು ಹಾಗೇ ಇದ್ದರೆ ಬಿರುಕು ಸತ್ತಿದೆ ಎಂದರ್ಥ. ಪಕ್ಕದಲ್ಲಿ ಸ್ಕೇಲು ಹಿಡಿದು ಫೋಟೊ ತೆಗೆಯಿರಿ. ಕಿಟಕಿಯ ಮೂಲೆಯಿಂದ ಮೆಟ್ಟಿಲಿನಂತೆ ಓರೆಯಾಗಿ ಇಟ್ಟಿಗೆಯ ಸಂದುಗಳಲ್ಲಿ ಹತ್ತುವ ಬಿರುಕು ಅಡಿಪಾಯದ್ದಾಗಿರುವ ಸಂಭವ ಹೆಚ್ಚು. ಪ್ಲಾಸ್ಟರ್ ಮೇಲೆ ಜೇಡರ ಬಲೆಯಂತೆ ಹರಡಿದ ನವುರು ಗೆರೆಗಳಿಗೆ ಹೆದರಬೇಕಿಲ್ಲ.

ಇದರ ಜೊತೆಗೆ ಸ್ಟ್ರಕ್ಚರಲ್ ಎಂಜಿನಿಯರ್ ಒಬ್ಬರ ಸಹಿ ಇರುವ ವರದಿ ಬೇಕು: ಕುಸಿತದ ಕಾರಣ, ಮಾಡಿದ ರಿಪೇರಿ, ಈಗಿನ ಸ್ಥಿತಿ. ಮಣ್ಣು ಪರೀಕ್ಷೆಗೆ ಮೈಸೂರಿನ ಎನ್‌ಐಇ, ಎಸ್‌ಜೆಸಿಇ, ಮಂಡ್ಯದ ಪಿಇಎಸ್ ಎಂಜಿನಿಯರಿಂಗ್ ಕಾಲೇಜುಗಳ ಸಿವಿಲ್ ವಿಭಾಗಗಳಲ್ಲೂ ವಿಚಾರಿಸಿ ನೋಡಬಹುದು. ಈ ಖರ್ಚು ಹಲವು ವರ್ಷದ ಪ್ರೀಮಿಯಂಗೆ ಸಮನಾದರೂ ಕೈಬಿಡಬೇಡಿ. ಮುಂದೆ ಹಾನಿ ಅಳೆಯುವ ವಿಮಾ ಸರ್ವೇಯರ್ ಬಂದು ‘ಇದು ಹಳೆಯ ಬಿರುಕು’ ಎಂದಾಗ ನಿಮ್ಮ ಪರವಾಗಿ ಮಾತನಾಡುವುದು ಇದೊಂದೇ.

ಆಯ್ಕೆಗಳು

ಒಂದು ವರ್ಷದ ಭಾರತ್ ಗೃಹ ರಕ್ಷಾ ಪಾಲಿಸಿಯೇ ಹೆಚ್ಚಿನವರಿಗೆ ಸಾಕು. ಇದರಲ್ಲಿ ವಿಮಾ ಮೊತ್ತವೆಂದರೆ ಕಟ್ಟಡವನ್ನು ಮತ್ತೆ ಕಟ್ಟುವ ಖರ್ಚು. ನಿವೇಶನದ ಬೆಲೆ ಸೇರುವುದಿಲ್ಲ. ಕಾರ್ಪೆಟ್ ವಿಸ್ತೀರ್ಣ (ಗೋಡೆಗಳ ಒಳಗಿನ ಜಾಗ) 1,200 ಚದರ ಅಡಿ, ಕಟ್ಟುವ ದರ ಚದರಡಿಗೆ 2,200 ರೂಪಾಯಿ ಎಂದಿಟ್ಟುಕೊಂಡರೆ 26.40 ಲಕ್ಷ. ಕುವೆಂಪುನಗರದಲ್ಲಿ ಆ ನಿವೇಶನಕ್ಕೆ ಎಷ್ಟೇ ಬೆಲೆಯಿದ್ದರೂ ಈ ಲೆಕ್ಕ ಬದಲಾಗುವುದಿಲ್ಲ. ಕಟ್ಟಡದ ಜೊತೆ ಮನೆಯ ಸಾಮಾನಿಗೆ ವಿಮಾ ಮೊತ್ತದ 20%, ಗರಿಷ್ಠ 10 ಲಕ್ಷ ರೂಪಾಯಿವರೆಗೆ ಪಟ್ಟಿ ಕೊಡದೆಯೇ ರಕ್ಷಣೆ ಸಿಗುತ್ತದೆ. ನಮ್ಮ ಉದಾಹರಣೆಯಲ್ಲಿ 5.28 ಲಕ್ಷ. ಎಂಜಿನಿಯರ್ ಶುಲ್ಕಕ್ಕೆ ಕ್ಲೇಮಿನ 5%, ಅವಶೇಷ ತೆಗೆಸಲು 2% ವರೆಗೆ ಪ್ರತ್ಯೇಕವಾಗಿ ಕೊಡುತ್ತಾರೆ. ಕುಸಿದ ಮನೆಗೆ ಈ ಎರಡೂ ಬೇಕಾಗುತ್ತವೆ. ಮನೆ ವಾಸಕ್ಕೆ ಯೋಗ್ಯವಲ್ಲದ ಅವಧಿಯ ಬಾಡಿಗೆ ನಿಮ್ಮ ಪಾಲಿಸಿಯ ವಿವರ ಪಟ್ಟಿಯಾದ ಶೆಡ್ಯೂಲ್‌ನಲ್ಲಿ ಇದೆಯೇ ಎಂದು ನೋಡಿಕೊಳ್ಳಿ. ಕಾಂಪೌಂಡ್ ಗೋಡೆ, ತಡೆಗೋಡೆ, ಸಂಪು, ಸೋಲಾರ್ ಎಲ್ಲವನ್ನೂ ಲೆಕ್ಕಕ್ಕೆ ಸೇರಿಸಿ ಹೇಳಿ.

ಇದರ ದೌರ್ಬಲ್ಯ ನವೀಕರಣದಲ್ಲಿದೆ. ಕುಸಿತದ ಇತಿಹಾಸವಿರುವ ಮನೆಗೆ ಪ್ರತಿ ವರ್ಷವೂ ಕಂಪನಿ ಹೊಸದಾಗಿ ಯೋಚಿಸಬಹುದು. ಪಕ್ಕದ ಬೀದಿಯಲ್ಲಿ ಒಂದು ಮನೆ ಕುಸಿದರೆ ನಿಮ್ಮ ಕಡತವನ್ನೂ ತೆರೆದು ನೋಡಬಹುದು.

ಅದೇ ಪಾಲಿಸಿಯನ್ನು 10 ವರ್ಷದವರೆಗೆ ಒಟ್ಟಿಗೆ ಕೊಳ್ಳಬಹುದು. ಆಗ ಪ್ರತಿ ವರ್ಷ ಕಟ್ಟಡದ ವಿಮಾ ಮೊತ್ತ 10% ತಾನಾಗಿಯೇ ಏರುತ್ತದೆ, 26.40 ಲಕ್ಷ ಒಂದು ವರ್ಷ ಕಳೆದಾಗ 29.04 ಲಕ್ಷವಾಗುತ್ತದೆ. ಸಿಮೆಂಟು, ಕಬ್ಬಿಣ, ಗಾರೆ ಕೆಲಸದ ಕೂಲಿ ಏರುವ ಕಾಲದಲ್ಲಿ ಇದು ದೊಡ್ಡ ಅನುಕೂಲ. ಷರತ್ತುಗಳು ಅಷ್ಟೂ ವರ್ಷ ಬದಲಾಗದೆ ಉಳಿಯುತ್ತವೆ ಎಂಬುದು ಅದಕ್ಕಿಂತ ದೊಡ್ಡದು. ಹಣವನ್ನು ಮಾತ್ರ ಮುಂಗಡವಾಗಿ ಕಟ್ಟಬೇಕು. ರಿಪೇರಿಯಾಗಿ ಒಂದು ಮಳೆ, ಒಂದು ಬೇಸಿಗೆ ದಾಟಿದ, ಗಾಜಿನ ಪಟ್ಟಿ ಒಡೆಯದ ಮನೆಗೆ ನಾನು ಇದನ್ನೇ ಹೇಳುತ್ತೇನೆ. ಬಿರುಕು ಇನ್ನೂ ಬೆಳೆಯುತ್ತಿದ್ದರೆ ಒಂದು ವರ್ಷದ್ದನ್ನೇ ಮಾಡಿಸಿ, ಉಳಿದ ಹಣವನ್ನು ಅಡಿಪಾಯಕ್ಕೆ ಹಾಕಿ.

ಗೃಹಸಾಲದ ಜೊತೆ ಬ್ಯಾಂಕ್ ಕೊಡಿಸುವ ವಿಮೆಯ ಬಗ್ಗೆ ಎಚ್ಚರ ಬೇಕು. ಬಹಳ ಜನ ‘ನಮ್ಮ ಮನೆಗೆ ವಿಮೆ ಇದೆ’ ಎಂದು ನಂಬಿರುವುದು ಸಾಲಗಾರನ ಜೀವ ವಿಮೆ. ಅವರು ತೀರಿಕೊಂಡರೆ ಸಾಲ ತೀರುತ್ತದೆ. ಗೋಡೆ ಬಿದ್ದರೆ ಒಂದು ಪೈಸೆಯೂ ಬರುವುದಿಲ್ಲ. ನಿಜವಾಗಿ ಕಟ್ಟಡದ ವಿಮೆಯೇ ಆಗಿದ್ದರೂ ಮೊತ್ತವನ್ನು ಸಾಲದಷ್ಟಕ್ಕೆ ಇಟ್ಟಿರುವುದುಂಟು. ಮನೆ ಕಟ್ಟಲು 26 ಲಕ್ಷ ಬೇಕಾಗಿ, ವಿಮೆ 12 ಲಕ್ಷಕ್ಕೆ ಇದ್ದರೆ ಪೂರ್ತಿ ಹಾನಿಯಲ್ಲಿ 12 ಲಕ್ಷವೇ ಕೊನೆ, ಅದರ ಮೇಲೂ ಮೊದಲ ಹಕ್ಕು ಬ್ಯಾಂಕಿನದು. ಕುಸಿತದ ವಿಷಯವನ್ನು ಬ್ಯಾಂಕಿನ ಮೇಜಿನಲ್ಲಿ ಯಾರೂ ಕೇಳಿರುವುದಿಲ್ಲ, ನೀವೂ ಹೇಳಿರುವುದಿಲ್ಲ. ಕ್ಲೇಮಿನ ದಿನ ಅದೇ ಮುಳುವಾಗುತ್ತದೆ. ಬ್ಯಾಂಕ್ ಹೇಳಿದ ಕಂಪನಿಯಿಂದಲೇ ಕೊಳ್ಳಬೇಕೆಂಬ ನಿಯಮವಿಲ್ಲ. ನೀವೇ ಪೂರ್ಣ ಮೊತ್ತದ ಪಾಲಿಸಿ ಮಾಡಿಸಿ, ಅದರಲ್ಲಿ ಬ್ಯಾಂಕಿನ ಹೆಸರು ಸೇರಿಸಬಹುದು.

ಕೆಲವು ಕಂಪನಿಗಳು ಎಲ್ಲ ಅಪಾಯಗಳನ್ನೂ ಒಳಗೊಂಡ ದುಬಾರಿ ಪ್ಯಾಕೇಜ್ ಮಾರುತ್ತವೆ. ಕಳ್ಳತನ, ಟಿವಿ, ಒಡವೆ, ಮನೆಗೆಲಸದವರ ಅಪಘಾತ ಇತ್ಯಾದಿ ಸೇರಿರುತ್ತವೆ. ಆ ಕಾರಣಕ್ಕೆ ಬೇಕಿದ್ದರೆ ಕೊಳ್ಳಿ. ನೆಲ ಕುಸಿತಕ್ಕಾಗಿ ಕೊಳ್ಳುವುದಾದರೆ ಮಾತ್ರ ಮೇಲಿನ ಐದು ಹೊರತುಗಳನ್ನು ಒಂದೊಂದಾಗಿ ಅದರ ಪಾಲಿಸಿ ಪತ್ರದಲ್ಲಿ ಹುಡುಕಿ. ಅವೇ ಅಲ್ಲಿಯೂ ಇದ್ದರೆ ಹೆಚ್ಚಿನ ಹಣ ಕುಸಿತಕ್ಕೆ ಏನನ್ನೂ ತಂದುಕೊಟ್ಟಂತಾಗುವುದಿಲ್ಲ.

ಅಪಾರ್ಟ್‌ಮೆಂಟಿನಲ್ಲಿರುವವರು ಒಬ್ಬೊಬ್ಬರೇ ಓಡಾಡುವುದಕ್ಕಿಂತ ಸಂಘದ ಮೂಲಕ ಇಡೀ ಕಟ್ಟಡಕ್ಕೆ ಮಾಡಿಸುವುದು ಮೇಲು. ಅಡಿಪಾಯ ಎಲ್ಲರದು.

ಸರ್ಕಾರದ ಪರಿಹಾರ ಇದೆಯಲ್ಲ ಎನ್ನುವವರಿಗೂ ಒಂದು ಮಾತು. ವಿಪತ್ತು ಪರಿಹಾರ ನಿಧಿಯ 2022–26ರ ನಿಯಮದಲ್ಲಿ ಬಯಲು ಸೀಮೆಯ ಮನೆ ಪೂರ್ತಿ ಹೋದರೆ 1.20 ಲಕ್ಷ ರೂಪಾಯಿ. ಪಕ್ಕಾ ಮನೆಗೆ ಭಾಗಶಃ ಹಾನಿಯಾದರೆ 6,500 ರೂಪಾಯಿ. ಅದೂ ಘೋಷಿತ ವಿಪತ್ತಿನಿಂದ ಆಗಿರಬೇಕು. ನಿಮ್ಮ ಮನೆಯೊಂದೇ ನಿಧಾನವಾಗಿ ಇಳಿದರೆ ಅದು ವಿಪತ್ತಿನ ಪಟ್ಟಿಗೆ ಬರುವುದಿಲ್ಲ.

ಯಾರು ಯಾವುದನ್ನು ಆರಿಸಬಹುದು

ತುಂಬಿಸಿದ ಗದ್ದೆ ಅಥವಾ ಕೆರೆಯಂಗಳದ ಮೇಲೆ ಮನೆಯಿದ್ದು ಕೈಯಲ್ಲಿ ಹಣ ಕಡಿಮೆಯಿದ್ದರೆ: ಬೆಂಕಿ, ಪ್ರವಾಹ, ಭೂಕಂಪಕ್ಕಾಗಿ ಒಂದು ವರ್ಷದ ಸಾದಾ ಪಾಲಿಸಿ ಇರಲಿ, ಅದನ್ನು ಬಿಡಬೇಡಿ. ಕುಸಿತಕ್ಕೆ ಮಾತ್ರ ನಿಮ್ಮದೇ ಉಳಿತಾಯವನ್ನು ಬೇರೆ ಇಡಿ. ಮೊದಲ ಖರ್ಚು ನೀರಿನ ಮೇಲಿರಲಿ. ಚಾವಣಿಯ ನೀರು ಅಡಿಪಾಯದ ಬುಡಕ್ಕೆ ಬೀಳದಂತೆ ಪೈಪ್ ಹಾಕಿಸಿ ದೂರ ಬಿಡಿ. ಮನೆಯ ಸುತ್ತ ಹೊರಕ್ಕೆ ಇಳಿಜಾರಾಗಿ ಕಾಂಕ್ರೀಟ್ ಪಟ್ಟಿ ಹಾಕಿಸಿ. ಸಂಪು ಮತ್ತು ಒಳಚರಂಡಿಯ ಸೋರಿಕೆ ನಿಲ್ಲಿಸಿ. ಇಷ್ಟಕ್ಕೇ ಕುಸಿತ ನಿಂತ ಮನೆಗಳಿವೆ. ನಿಲ್ಲದಿದ್ದರೆ ಮಾತ್ರ ಗ್ರೌಟಿಂಗ್ (ನೆಲದೊಳಕ್ಕೆ ಸಿಮೆಂಟು ಹಾಲು ತುಂಬಿಸುವುದು), ಅಡಿಪಾಯದ ಕೆಳಗೆ ಕಾಂಕ್ರೀಟ್ ಕೊಡುವ ದೊಡ್ಡ ಕೆಲಸಕ್ಕೆ ಕೈ ಹಾಕಿ.

ಗಟ್ಟಿ ನೆಲದ ಮೇಲಿನ, ಪೈಪ್ ಸೋರಿಕೆಯಂಥ ಸ್ಪಷ್ಟ ಕಾರಣಕ್ಕೆ ಒಮ್ಮೆ ಇಳಿದು ಸರಿಯಾದ ಮನೆಯವರು ದೀರ್ಘಾವಧಿ ಪಾಲಿಸಿಗೆ ಹೋಗಲಿ. ಎರೆಮಣ್ಣಿನವರಿಗೆ ಇದು ಅಷ್ಟು ಸುಲಭದ ನಿರ್ಧಾರವಲ್ಲ. ಅಡಿಪಾಯ ಮಣ್ಣಿಗೆ ತಕ್ಕದ್ದೆಂದು ಎಂಜಿನಿಯರ್ ಬರೆದುಕೊಟ್ಟರೆ ದೀರ್ಘಾವಧಿ, ಇಲ್ಲವಾದರೆ ವರ್ಷ ವರ್ಷದ್ದು. ನಿವೃತ್ತಿಯ ಹಣವೆಲ್ಲ ಮನೆಯಲ್ಲೇ ಇರುವ ಹಿರಿಯರಿಗೆ ದೀರ್ಘಾವಧಿಯ ಕಡೆ ನನ್ನ ಒಲವು ಹೆಚ್ಚು. ಪ್ರತಿ ವರ್ಷ ನೆನಪಿಟ್ಟು ನವೀಕರಿಸುವ ಗೋಜು ತಪ್ಪುತ್ತದೆ.

ಮನೆ ಕೊಳ್ಳುವವರು ಅಗ್ರಿಮೆಂಟಿಗೆ ಮುಂಚೆಯೇ ಮಾರುವವರಿಂದ ರಿಪೇರಿಯ ಬಿಲ್, ಎಂಜಿನಿಯರ್ ವರದಿ, ಹಿಂದಿನ ಕ್ಲೇಮಿನ ಪತ್ರಗಳನ್ನು ಕೇಳಬೇಕು. ಕೊಡಲು ಹಿಂದೇಟು ಹಾಕಿದರೆ ಬೆಲೆ ಇಳಿಸುವ ಮಾತು ಆಮೇಲೆ, ಮೊದಲು ನಿಮ್ಮದೇ ಎಂಜಿನಿಯರನ್ನು ಕರೆದೊಯ್ಯಿರಿ.

ಬರೆದು ಹೇಳುವುದು

ಯಾವುದನ್ನು ಆರಿಸಿದರೂ ಕುಸಿತದ ಇತಿಹಾಸವನ್ನು ಮುಚ್ಚಿಡಬೇಡಿ. ‘ಅದನ್ನೆಲ್ಲ ಬರೆಯಬೇಡಿ ಸಾರ್, ಸುಮ್ಮನೆ ತಡವಾಗುತ್ತದೆ’ ಎನ್ನುವ ಏಜೆಂಟ್ ಕ್ಲೇಮಿನ ದಿನ ನಿಮ್ಮ ಜೊತೆ ನಿಲ್ಲುವುದಿಲ್ಲ. ಮುಖ್ಯ ಸಂಗತಿ ಮುಚ್ಚಿಟ್ಟಿದ್ದು ಕಂಡರೆ ಪಾಲಿಸಿಯನ್ನೇ ರದ್ದು ಮಾಡುವ ಅಧಿಕಾರ ಕಂಪನಿಗಿದೆ. ಮೊಬೈಲಿನಲ್ಲಿ ನಾಲ್ಕು ಬಟನ್ ಒತ್ತಿ ಕೊಳ್ಳುವಾಗ ಇದನ್ನು ಬರೆಯಲು ಜಾಗವೇ ಇಲ್ಲದಿರಬಹುದು. ಆದ್ದರಿಂದ ಇಂಥ ಮನೆಯವರು ಶಾಖಾ ಕಚೇರಿಗೆ ಹೋಗಿ ಪ್ರಪೋಸಲ್ ಫಾರ್ಮ್ ತುಂಬುವುದೇ ಸರಿ. ಫಾರ್ಮಿನಲ್ಲಿ ಕಾಲಂ ಇರಲಿ ಬಿಡಲಿ, ಒಂದು ಪುಟದ ಪತ್ರ ಲಗತ್ತಿಸಿ: ಯಾವ ವರ್ಷ, ಯಾವ ಗೋಡೆ, ಏನು ಕಾರಣ, ಏನು ರಿಪೇರಿ. ಎಂಜಿನಿಯರ್ ವರದಿಯ ಪ್ರತಿ ಸೇರಿಸಿ, ಮುದ್ರೆ ಹಾಕಿದ ಸ್ವೀಕೃತಿ ಪಡೆಯಿರಿ. ಕುಸಿತವನ್ನು ಹೊರಗಿಟ್ಟು ವಿಮೆ ಕೊಡುತ್ತೇವೆ ಎಂದರೆ ಅದನ್ನೂ ಬರವಣಿಗೆಯಲ್ಲಿ ಕೇಳಿ. ಆಗ ಇನ್ನೊಂದು ಕಂಪನಿಯನ್ನು ವಿಚಾರಿಸಲು ನಿಮಗೆ ಕಾಲ ಉಳಿಯುತ್ತದೆ.

ಹಾನಿಯಾದ ದಿನವೇ ಕಂಪನಿಗೆ ತಿಳಿಸಿ. ಮನೆ ಅಪಾಯದಲ್ಲಿದ್ದರೆ ಆಸರೆ ಕೊಡಿಸಿ, ಆದರೆ ಸರ್ವೇಯರ್ ನೋಡುವ ಮುನ್ನ ಬಿರುಕು ಮುಚ್ಚಿಸಬೇಡಿ. ಕ್ಲೇಮ್ ತಿರಸ್ಕೃತವಾದರೆ ಯಾವ ಹೊರತಿನ ಅಡಿ ಎಂದು ಬರೆದುಕೊಡಲು ಹೇಳಿ, ಸರ್ವೇಯರ್ ವರದಿಯ ಪ್ರತಿ ಕೇಳಿ. ಕಂಪನಿಗೆ ದೂರು ಕೊಟ್ಟು 30 ದಿನದಲ್ಲಿ ಉತ್ತರ ಬರದಿದ್ದರೆ ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ ವಿಮೆಯ ದೂರುಗಳನ್ನು ಬಗೆಹರಿಸುವ, ಬೆಂಗಳೂರಿನಲ್ಲಿರುವ ವಿಮಾ ಒಂಬುಡ್ಸ್‌ಮನ್ ಕಚೇರಿಗೆ ಒಂದು ವರ್ಷದೊಳಗೆ ಹೋಗಬಹುದು. ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. 50 ಲಕ್ಷ ರೂಪಾಯಿವರೆಗಿನ ಪರಿಹಾರ ಕೊಡಿಸುವ ಅಧಿಕಾರ ಅವರಿಗಿದೆ. ಅದನ್ನು ಬಿಟ್ಟರೆ ಮೈಸೂರು, ಮಂಡ್ಯ ಎರಡರಲ್ಲೂ ಜಿಲ್ಲಾ ಗ್ರಾಹಕರ ಆಯೋಗಗಳಿವೆ. ಎಲ್ಲಿಗೆ ಹೋದರೂ ಮೊದಲು ಕೇಳುವುದು ಆ ಒಂದು ಪುಟದ ಪತ್ರದ ಸ್ವೀಕೃತಿಯನ್ನು ಮತ್ತು ದಿನಾಂಕವಿರುವ ಫೋಟೊಗಳನ್ನು.